ಔಷಧದಾನದೊಡನೆ ಅಭಯದಾನವೂ ಇರಲಿ

ಆಹಾರ, ಅಭಯ, ಔಷಧ, ಶಾಸ್ತ್ರಗಳೆಂಬ ನಾಲ್ಕು ದಾನಗಳ ಹೆಸರನ್ನು ಬಾಲ್ಯದಿಂದಲೇ ಕೇಳುತ್ತ ಬಂದಿದ್ದೇವೆ. ಔಷಧವನ್ನಿತ್ತ ಕೈಯೇ ಅಭಯವನ್ನು ಕಸಿದುಕೊಂಡರೆ ಅದನ್ನು ದಾನವೆನ್ನಬಹುದೇ? ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವ ಮೂಕಪ್ರಾಣಿಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಕೇಳಲೇಬೇಕಾಗಿದೆ.

ನಾಯಿಗಳ ಹಲವು ಬಗೆಯ ಕ್ಯಾನ್ಸರಿಗೆ ಡಾಕ್ಸೊರುಬಿಸಿನ್ ಎಂಬ ಔಷಧವನ್ನು ಸಾಮಾನ್ಯವಾಗಿ 3 ವಾರಗಳಿಗೊಮ್ಮೆ ರಕ್ತನಾಳದ ಮೂಲಕ ಕೊಡುತ್ತಾರೆ. ಗಡ್ಡೆಯನ್ನು ಕರಗಿಸುವ ಈ ಔಷಧವು ಹೃದಯದ ಸ್ನಾಯುವನ್ನೂ ಕೆಡಿಸಬಲ್ಲದು. ಕೊಟ್ಟ ಪ್ರಮಾಣ ಕೂಡುತ್ತ ಹೋದಂತೆ ಅಪಾಯವೂ ಏರುತ್ತದೆ. ಆದುದರಿಂದ ಜೀವಮಾನದ ಒಟ್ಟು ಪ್ರಮಾಣವನ್ನು ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 180ರಿಂದ 240 ಮಿಲಿಗ್ರಾಮಿನೊಳಗೆ ನಿಲ್ಲಿಸುವುದು ರೂಢಿ. ಕೆಲವು ಪ್ರಾಣಿಗಳಲ್ಲಿ ಆ ಮಿತಿಗೆ ಮುನ್ನವೇ ಹಾನಿಯಾಗುವುದುಂಟು. ನಾಶವಾದ ಸ್ನಾಯು ಮರಳಿ ಬರುವುದಿಲ್ಲ.

ಇದನ್ನು ಕಾಣುವ ಕಣ್ಣೇ ಎಕೋ ಪರೀಕ್ಷೆ. ಸೂಜಿಯಿಲ್ಲ, ಗಾಯವಿಲ್ಲ, ಶಬ್ದತರಂಗಗಳಿಂದ ಹೃದಯದ ಚಲನೆ ತೆರೆಯ ಮೇಲೆ ಮೂಡುತ್ತದೆ. ಮೊದಲ ಚುಚ್ಚುಮದ್ದಿಗೆ ಮುನ್ನ ಒಮ್ಮೆ, ಚಿಕಿತ್ಸೆಯ ನಡುವೆ ಮತ್ತೊಮ್ಮೆ ನೋಡಿ ಹೋಲಿಸಿದರೆ ಹೃದಯದ ಬಲ ಕುಗ್ಗಿದುದು ತಿಳಿಯುತ್ತದೆ. ಆಗ ಔಷಧವನ್ನು ನಿಲ್ಲಿಸಬಹುದು, ಬದಲಿಸಬಹುದು.

“ನಾಯಿಯ ಹೃದಯಕ್ಕೂ ಎಕೋ ಬೇಕೇ?” ಎಂದು ನಗುವವರಿದ್ದಾರೆ. ಔಷಧ ಬೇಕಾದ ಜೀವಕ್ಕೆ ಎಚ್ಚರಿಕೆ ಬೇಡವೇ? ಪ್ರಮಾದದಿಂದ ಪ್ರಾಣಕ್ಕೆ ಘಾತವುಂಟುಮಾಡುವುದೇ ಹಿಂಸೆಯೆಂಬುದು ತತ್ತ್ವಾರ್ಥಸೂತ್ರದ ನಿರ್ಣಯ. ಅಪಾಯವನ್ನು ತಿಳಿದೂ ನೋಡದಿರುವುದು ಪ್ರಮಾದವಲ್ಲದೆ ಮತ್ತೇನು? ಈ ಹಾನಿಯನ್ನು ಅರಿಯಲೆಂದೇ ಪ್ರಯೋಗಶಾಲೆಗಳಲ್ಲಿ ಇಲಿ, ಮೊಲ, ನಾಯಿಗಳ ಹೃದಯಗಳನ್ನು ಕೆಡಿಸಲಾಗಿದೆ. ಅವುಗಳ ಪ್ರಾಣದ ಬೆಲೆಗೆ ದೊರೆತ ಜ್ಞಾನವು ಅವುಗಳ ಕುಲಕ್ಕೇ ದಕ್ಕದಿರುವುದು ಎರಡನೆಯ ಹಿಂಸೆ.

ಎಲ್ಲ ಚಿಕಿತ್ಸೆಗೂ ಎಕೋ ಬೇಕೆಂಬುದು ನನ್ನ ವಾದವಲ್ಲ. ಬೀದಿನಾಯಿಗಳ ಜನನಾಂಗದ ಗಡ್ಡೆಗೆ ವಾರಕ್ಕೊಮ್ಮೆ ಕೊಡುವ, ಎತ್ತುಗಳ ಕೊಂಬಿನ ಕ್ಯಾನ್ಸರಿಗೂ ಬಳಸುವ ವಿನ್‌ಕ್ರಿಸ್ಟಿನ್ ಹೃದಯವನ್ನು ಈ ರೀತಿ ಸವೆಸುವುದಿಲ್ಲ. ಎಲ್ಲಿ ಅಪಾಯವಿದೆಯೋ ಅಲ್ಲಿ ನೋಡಬೇಕು, ಅಷ್ಟೇ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಬಸದಿಗಳ ವಿಶ್ವಸ್ತರೇ, 1958ರಲ್ಲಿ ಸ್ಥಾಪಿತವಾದ ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯ ನಮ್ಮಿಂದ 400 ಕಿ.ಮೀ.ಗೂ ದೂರ. ಅಷ್ಟು ದೂರ ಹೋಗಲಾರದ ಬಡ ಒಕ್ಕಲಿಗನ ನಾಯಿಗೆ ಯಾರು ದಿಕ್ಕು? ನೀವು ಯಂತ್ರ ಕೊಳ್ಳಬೇಕಾಗಿಲ್ಲ. ಜೀವದಯೆಯ ನಿಧಿಯಿಂದ ಇಂತಹ ಔಷಧಕ್ಕೆ ಹಣ ಕೊಡುವಾಗ, ಸಮೀಪದಲ್ಲಿ ಎಲ್ಲಿ ಸಾಧ್ಯವೋ ಅಲ್ಲಿಯ ಪರೀಕ್ಷೆಯ ಹಾಗೂ ಪ್ರಯಾಣದ ವೆಚ್ಚವನ್ನೂ ಸೇರಿಸಿ ಮಂಜೂರು ಮಾಡಿರಿ. ನಾಲ್ಕೂ ಊರುಗಳು ಕೂಡಿದರೆ ಭಾರ ಹಂಚಿಹೋಗುತ್ತದೆ. ಪರೀಕ್ಷೆ ಸಾಧ್ಯವೇ ಇಲ್ಲದಲ್ಲಿ ಬೇರೆ ಔಷಧವುಂಟೇ ಎಂದು ವೈದ್ಯರನ್ನು ಕೇಳಿರಿ.

ನೋಡದೆ ಕೊಟ್ಟ ಔಷಧಕ್ಕೆ ದಾನವೆಂಬ ಹೆಸರು ಸಲ್ಲದು.