ನೇತ್ರಾಣಿಗೆ ಕಾವಲಿರಲಿ, ಗುಂಡು ಬೇಡ

ರಜೆಯ ದಿನ ಕಾತ್ರಜದ ಪ್ರಾಣಿ ಸಂಗ್ರಹಾಲಯಕ್ಕೆ ಚೀಟಿ ಕೊಂಡು ಹೋಗುವ ನಮ್ಮ ಹೋಟೆಲು ಬಂಧುಗಳಲ್ಲಿಯೂ ಗುಮಾಸ್ತರಲ್ಲಿಯೂ ಅನೇಕರು ಕರಾವಳಿಯವರು. ಅವರ ಊರ ಕಡಲಿನಲ್ಲೇ ಇರುವ ಒಂದು ಅಪೂರ್ವ ಜೀವಸಂಪತ್ತಿನ ಕಡೆಗೆ ಇಂದು ಗಮನ ಸೆಳೆಯಬಯಸುತ್ತೇವೆ.

ಭಟ್ಕಳ ತಾಲೂಕಿನ ಮುರ್ಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ನೇತ್ರಾಣಿ ನಡುಗಡ್ಡೆಯ ಮರಗಳಲ್ಲಿ ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುತ್ತವೆ. ಸುತ್ತಣ ನೀರಿನಲ್ಲಿ ಹವಳ ಬೆಳೆಯುತ್ತದೆ. ಇವೆರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯ ರಕ್ಷಣೆಯುಂಟು. ಆದರೂ ಇದೇ ನಡುಗಡ್ಡೆಯನ್ನು ನೌಕಾಪಡೆಯು ಗುಂಡು ಹಾರಿಸುವ ಅಭ್ಯಾಸಕ್ಕೆ ಗುರಿಯಾಗಿ ಬಳಸಿಕೊಂಡು ಬಂದಿದೆ.

ನಾಡಿನ ಗಡಿ ಕಾಯುವವರಿಗೆ ಅಭ್ಯಾಸ ಬೇಡವೆಂದು ನಾವು ಹೇಳುವುದಿಲ್ಲ. ಪಡೆಯ ನಿರ್ಬಂಧದಿಂದ ಜನಸಂಚಾರ ಕಡಿಮೆಯಾಗಿ ಹಕ್ಕಿಗಳಿಗೆ ಒಂದು ಬಗೆಯ ಅಭಯವೂ ದೊರೆತಿರಬಹುದು. ಆದರೆ ಬೇಲಿಯೇ ಎದ್ದು ಹೊಲ ಮೇಯ್ದರೆ ಆ ಅಭಯಕ್ಕೆ ಅರ್ಥವೇನು? ಕಡಲ ಹದ್ದು ಒಂದು ಸಲಕ್ಕೆ ಸಾಮಾನ್ಯವಾಗಿ ಎರಡೇ ಮೊಟ್ಟೆಯಿಡುತ್ತದೆ. ಅದೇ ಗೂಡನ್ನು ವರ್ಷವರ್ಷವೂ ಸರಿಪಡಿಸಿಕೊಂಡು ಬಾಳುತ್ತದೆ. ಅಂತಹ ಒಂದು ಮರ ಉರುಳಿದರೆ ಆಗುವ ನಷ್ಟ ಒಂದೇ ವರ್ಷದ್ದಲ್ಲ. ಗುರಿಯನ್ನು ನೀರಿನ ಮೇಲೆ ತೇಲಿಸಬಹುದು. ಹದ್ದಿನ ಗೂಡನ್ನು ತೇಲಿಸಲಾಗದು.

ಆದುದರಿಂದ ನಿರ್ಬಂಧ ಉಳಿಯಲಿ, ಗುಂಡಿನ ಅಭ್ಯಾಸ ಮಾತ್ರ ಶಾಶ್ವತವಾಗಿ ಬೇರೆಡೆ ನಡೆಯಲಿ ಎಂದು ರಕ್ಷಣಾ ಇಲಾಖೆಯನ್ನೂ ಕರ್ನಾಟಕ ಸರಕಾರವನ್ನೂ ಒತ್ತಾಯಿಸುತ್ತೇವೆ. ನಮ್ಮ ಪಾಲಿನ ಕರ್ತವ್ಯವೂ ಒಂದಿದೆ. ರಜೆಯಲ್ಲಿ ಊರಿಗೆ ಹೋಗಿ ನೇತ್ರಾಣಿಯ ದೋಣಿಯೇರುವ ನಮ್ಮವರು ಹವಳ ಮುರಿಯದಿರಲಿ, ಕಡಲಿಗೆ ಪ್ಲಾಸ್ಟಿಕ್ ಎಸೆಯದಿರಲಿ. ಪಡೆಯವರಿಂದ ಸಂಯಮ ಕೇಳುವ ನಾವು ಅದನ್ನು ಮೊದಲು ನಡೆದು ತೋರಿಸಬೇಕು.