ಇಳಿವಯಸ್ಸಿನ ಬಿಡಾರ ಎಲ್ಲಿ?

ಜನರು ‘ಮಹಾರೇರಾ’ ಎಂದು ಕರೆಯುವ ಮಹಾರಾಷ್ಟ್ರದ ಸ್ಥಿರಾಸ್ತಿ ನಿಯಂತ್ರಣ ಪ್ರಾಧಿಕಾರವು 2024ರ ಮೇ ತಿಂಗಳಲ್ಲಿ, ಹಿರಿಯ ನಾಗರಿಕರ ವಸತಿಗಳೆಂದು ಹೆಸರಿಟ್ಟು ಮಾರುವ ಕಟ್ಟಡಗಳಿಗೆ ಕೆಲವು ಕನಿಷ್ಠ ನಿಯಮಗಳನ್ನು ವಿಧಿಸಿತು. ಅಂತಹ ಕಟ್ಟಡವು ಒಂದು ಅಂತಸ್ತನ್ನು ಮೀರಿದರೆ ಲಿಫ್ಟ್ ಇರಲೇಬೇಕು. ಬಾಗಿಲಿನ ಅಗಲವು 900 ಮಿಲಿಮೀಟರಿಗೆ ಕಡಿಮೆಯಾಗಬಾರದು. ಗಾಲಿಕುರ್ಚಿಯು ತಡೆಯಿಲ್ಲದೆ ಓಡಾಡುವಂತಿರಬೇಕು. ಸ್ನಾನದ ಕೋಣೆಯಲ್ಲಿ ಹಿಡಿಕೆಗಳೂ ಕಾಲು ಜಾರದ ನೆಲವೂ ಇರಬೇಕು. ಈ ಸುದ್ದಿಯು ನಮ್ಮ ವಾಚಕರಲ್ಲಿ ಹೆಚ್ಚಿನವರ ಗಮನಕ್ಕೆ ಬಂದಿರಲಾರದು. ಬಂದಿದ್ದರೂ, ಅದು ಉಳ್ಳವರ ವಿಚಾರವೆಂದು ಪುಟ ತಿರುವಿದವರೇ ಹೆಚ್ಚು. ಆದರೆ ಇದರ ಹಿಂದಿರುವ ಪ್ರಶ್ನೆಯು ಉಳ್ಳವರದು ಮಾತ್ರವಲ್ಲ. ಮುಪ್ಪನ್ನು ಇದ್ದ ಮನೆಯಲ್ಲಿಯೇ ಕಳೆಯುವುದೋ, ಅಥವಾ ಸಮವಯಸ್ಕರ ವಸತಿಯೊಂದಕ್ಕೆ ತೆರಳುವುದೋ ಎಂಬ ಪ್ರಶ್ನೆಯು ಹೋಟೆಲಿನ ಗಲ್ಲೆಯ ಮೇಲೆ ಕುಳಿತವನನ್ನೂ ಕಚೇರಿಯ ಗುಮಾಸ್ತನನ್ನೂ ಸಮಾನವಾಗಿ ಕಾದಿದೆ.

ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯು 2023ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಭಾರತದಲ್ಲಿ 60 ವರ್ಷ ದಾಟಿದವರ ಸಂಖ್ಯೆ ಸುಮಾರು 14.9 ಕೋಟಿ, ಎಂದರೆ ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚು. 2050ರ ವೇಳೆಗೆ ಇದು 34.7 ಕೋಟಿಗೆ ಏರಿ, ಐವರಲ್ಲಿ ಒಬ್ಬರು ವೃದ್ಧರಾಗಿರುವರೆಂದು ಅದೇ ವರದಿಯ ಅಂದಾಜು. ಒಂದೆಡೆ ಆಯುಷ್ಯ ಬೆಳೆಯುತ್ತಿದೆ. ಇನ್ನೊಂದೆಡೆ ಮನೆಯೊಳಗಿನ ಜನ ಕಡಿಮೆಯಾಗುತ್ತಿದ್ದಾರೆ. ಸಮಸ್ಯೆಯ ಮೂಲವು ಇಲ್ಲಿದೆ.

ಹೊರನಾಡಿನ ಕನ್ನಡಿಗನಿಗಾದರೋ ಈ ಸಮಸ್ಯೆಗೆ ಇನ್ನೊಂದು ಮುಖವೂ ಉಂಟು. ‘ಮನೆ’ ಎಂದರೆ ಅವನಿಗೆ ಯಾವುದು? ಡೊಂಬಿವಲಿಯಲ್ಲೋ ಠಾಣೆಯಲ್ಲೋ ಕಂತು ಕಟ್ಟಿ ಕೊಂಡ ಎರಡು ಕೋಣೆಗಳೇ, ಅಥವಾ ಉಡುಪಿಯ ಕಡೆ ಬಿಟ್ಟುಬಂದ ಹಂಚಿನ ಮನೆಯೇ? ನಾಲ್ವತ್ತು ವರ್ಷ ದುಡಿಯುವಾಗ ‘ಕೊನೆಗೆ ಊರಿಗೆ ಹೋಗುವುದು ಇದ್ದೇ ಇದೆ’ ಎಂಬ ಮಾತು ಅವನಿಗೆ ಧೈರ್ಯ ಕೊಟ್ಟಿತು. ಆ ಮಾತನ್ನು ಈಗ ಪರೀಕ್ಷೆಗೆ ಒಡ್ಡಬೇಕಾಗಿದೆ.

ಮೊದಲು ಊರಿನ ಮನೆಯನ್ನೇ ನೋಡೋಣ. ದಕ್ಷಿಣ ಕನ್ನಡದ ಅಳಿಯಸಂತಾನ ಕುಟುಂಬಗಳಲ್ಲಿ ಒಂದು ಕಾಲಕ್ಕೆ ಮನೆಯು ಪಾಲಾಗುವ ವಸ್ತುವಾಗಿರಲಿಲ್ಲ. ಪರಸ್ಥಳದಿಂದ ಮರಳಿದ ಸೋದರಮಾವನಿಗೆ ಅಲ್ಲಿ ಊಟವೂ ಮಲಗಲು ಜಾಗವೂ ಇದ್ದೇ ಇತ್ತು. 1949ರ ಮದ್ರಾಸು ಅಳಿಯಸಂತಾನ ಕಾಯಿದೆಯು ಪಾಲಿಗೆ ದಾರಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಆಸ್ತಿಯನ್ನು ಕುಟುಂಬದಿಂದ ವ್ಯಕ್ತಿಗೆ ತಂದಿತು. ಇವು ನ್ಯಾಯವಾದ ಕ್ರಮಗಳೇ. ಆದರೆ ಇದರ ಫಲವಾಗಿ, ಇಂದು ಊರಿಗೆ ಮರಳುವವನಿಗೆ ದೊರೆಯುವುದು ಅನೇಕ ವೇಳೆ ಮನೆಯಲ್ಲ, ಮನೆಯಲ್ಲೊಂದು ಪಾಲು. ಅದರಲ್ಲಿ ವಾಸಿಸುವ ಬಂಧುಗಳೂ ವೃದ್ಧರೇ. ಅವರ ಮಕ್ಕಳು ಬೆಂಗಳೂರಿನಲ್ಲಿಯೋ ಕೊಲ್ಲಿ ದೇಶಗಳಲ್ಲಿಯೋ ಇರುವರು. 1998ರಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆದ ಕೊಂಕಣ ರೈಲ್ವೆಯು ಮುಂಬಯಿ–ಮಂಗಳೂರುಗಳ ಅಂತರವನ್ನು ತಗ್ಗಿಸಿತು ನಿಜ. ಆದರೆ ಮಧ್ಯರಾತ್ರಿ ಎದೆನೋವು ಬಂದಾಗ ರೈಲು ಮಗನನ್ನು ಕರೆತರುವುದು ಮರುದಿನವೇ.

ನಗರದ ಮನೆಗೂ ತನ್ನದೇ ಕೊರತೆಗಳಿವೆ. ಲಿಫ್ಟ್ ಇಲ್ಲದ ನಾಲ್ಕನೆಯ ಮಾಳಿಗೆಯಲ್ಲಿ ವಾಸಿಸುವ ನಿವೃತ್ತ ಗುಮಾಸ್ತನನ್ನು ಊಹಿಸಿರಿ. ಮೊಣಕಾಲು ನೋವು ಹೆಚ್ಚಿದಂತೆ ಅವನು ಮಾರುಕಟ್ಟೆಗೆ ಇಳಿಯುವುದು ದಿನಕ್ಕೊಮ್ಮೆ ಇದ್ದುದು ವಾರಕ್ಕೊಮ್ಮೆಯಾಗುತ್ತದೆ. ಬಳಿಕ ಸಂಘದ ಸಭೆ ತಪ್ಪುತ್ತದೆ. ಕೊನೆಗೆ ಸ್ವಂತ ಮನೆಯೇ ಸೆರೆಮನೆಯಾಗುತ್ತದೆ. ಆದರೂ ನೆರೆಹೊರೆಯ ಪರಿಚಯ, ಗುರುತಿನ ವೈದ್ಯ, ಉದ್ರಿ ಕೊಡುವ ಕಿರಾಣಿ ಅಂಗಡಿ ಇವೆಲ್ಲ ಸುಲಭವಾಗಿ ಕಟ್ಟಿಕೊಳ್ಳಲು ಬಾರದ ಸಂಪತ್ತು. ಅದೇ ಪರಿಸರದಲ್ಲಿ ಕೆಳಗಿನ ಮಾಳಿಗೆಗೆ ಬದಲಾಯಿಸಿಕೊಳ್ಳುವುದು, ಸ್ನಾನದ ಕೋಣೆಗೆ ಹಿಡಿಕೆ ಹಾಕಿಸುವುದು, ಹಾಸಿಗೆಯಿಂದ ಶೌಚಾಲಯದವರೆಗೆ ರಾತ್ರಿ ದೀಪವಿಡುವುದು ಇಂತಹ ಸಣ್ಣ ಏರ್ಪಾಡುಗಳಿಂದಲೇ ಅನೇಕರು ಇನ್ನೂ ಕೆಲವು ವರ್ಷ ಸ್ವಾವಲಂಬಿಗಳಾಗಿರಬಲ್ಲರು.

ಇನ್ನು ಪುಣೆ, ಬೆಂಗಳೂರು, ಕೊಯಮತ್ತೂರು ಮೊದಲಾದೆಡೆ ಬೆಳೆದಿರುವ ನಿವೃತ್ತರ ವಸತಿಗಳು. ಇವನ್ನು ದಿಕ್ಕಿಲ್ಲದವರ ವೃದ್ಧಾಶ್ರಮಗಳೊಡನೆ ಸೇರಿಸಿ ಮಾತನಾಡುವುದು ತಪ್ಪು. ಇಲ್ಲಿ ಸಾಮೂಹಿಕ ಭೋಜನಶಾಲೆ, ಕರೆದರೆ ಬರುವ ದಾದಿ, ಸಮವಯಸ್ಕರ ಒಡನಾಟ ಇವೆ. ಹೆಂಡತಿಯನ್ನು ಕಳೆದುಕೊಂಡ ಗಂಡಸಿಗೂ, ಐವತ್ತು ವರ್ಷ ಅಡಿಗೆಮನೆಯಲ್ಲಿ ಸವೆದ ಹೆಂಗಸಿಗೂ ಅದು ಬಿಡುಗಡೆಯಾಗಬಲ್ಲುದು. ಆದರೆ ಆರೋಗ್ಯವಂತರಿಗೆಂದು ಕಟ್ಟಿದ ವಸತಿಯು ಹಾಸಿಗೆ ಹಿಡಿದವರನ್ನು ಇಟ್ಟುಕೊಳ್ಳುವುದೇ? ನೆನಪು ಕೆಟ್ಟವರ ಗತಿಯೇನು? ತಿಂಗಳ ನಿರ್ವಹಣಾ ಶುಲ್ಕವು ವರ್ಷ ವರ್ಷ ಎಷ್ಟು ಏರುವುದು? ದಂಪತಿಗಳಲ್ಲಿ ಒಬ್ಬರು ತೀರಿಕೊಂಡರೆ, ಅಥವಾ ಬಿಟ್ಟುಹೋಗಬೇಕಾದರೆ, ಕಟ್ಟಿದ ಠೇವಣಿಯಲ್ಲಿ ಮರಳಿ ಬರುವುದೆಷ್ಟು? ಈ ಪ್ರಶ್ನೆಗಳಿಗೆ ಬಾಯಿಮಾತಿನ ಉತ್ತರ ಸಾಲದು, ಕರಾರುಪತ್ರದಲ್ಲಿ ಬರೆದಿರಬೇಕು. ಮಹಾರೇರಾದ ನಿಯಮವು ಬಾಗಿಲಿನ ಅಗಲವನ್ನು ಅಳೆಯಬಲ್ಲುದು. ದಾದಿಯ ಕರುಣೆಯನ್ನು ಅಳೆಯಲಾರದು.

ಎಲ್ಲಕ್ಕಿಂತ ಮಿಗಿಲಾದುದು ಹಣದ ಲೆಕ್ಕ. ನೌಕರರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಮೊತ್ತವು 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಯಾಯಿತು. ಅದೇ ವರ್ಷ ಗೊತ್ತುಪಡಿಸಿದ 15,000 ರೂಪಾಯಿಗಳ ವೇತನ ಮಿತಿಯಲ್ಲಿ, ಪೂರ್ಣ 35 ವರ್ಷಗಳ ಸೇವೆಯನ್ನು ಲೆಕ್ಕ ಹಿಡಿದರೂ ಸೂತ್ರದಂತೆ ಬರುವುದು 7,500 ರೂಪಾಯಿ. ಇಪ್ಪತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಸಣ್ಣ ಹೋಟೆಲುಗಳಿಗೆ ಭವಿಷ್ಯನಿಧಿಯ ಕಾಯಿದೆಯು ಕಡ್ಡಾಯವಲ್ಲವಾದುದರಿಂದ, ಅಲ್ಲಿ ಆಯುಷ್ಯ ಸವೆಸಿದ ಅನೇಕರಿಗೆ ಅದೂ ಇಲ್ಲ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಡಬಹುದಾದ ಮೊತ್ತದ ಮಿತಿಯನ್ನು 2023ರಲ್ಲಿ 30 ಲಕ್ಷಕ್ಕೆ ಏರಿಸಲಾಯಿತು. ಅಂದು ಘೋಷಿಸಿದ ಶೇಕಡಾ 8.2ರ ಬಡ್ಡಿಯಂತೆ, ಹತ್ತು ಲಕ್ಷ ಕೂಡಿಟ್ಟವನಿಗೆ ಮೂರು ತಿಂಗಳಿಗೆ 20,500 ರೂಪಾಯಿ; ತಿಂಗಳಿಗೆ ಏಳು ಸಾವಿರಕ್ಕೂ ಕಡಿಮೆ. ಪಿಂಚಣಿ, ಬಡ್ಡಿ ಎರಡನ್ನು ಕೂಡಿಸಿದರೂ ದೊಡ್ಡ ವಸತಿಗಳ ಬಾಗಿಲು ನಮ್ಮ ಹೆಚ್ಚಿನ ವಾಚಕರಿಗೆ ತೆರೆಯದು.

ಸರಕಾರದ ನೆರವು ಇಲ್ಲವೆನ್ನಲಾಗದು. 2024ರ ಅಕ್ಟೋಬರಿನಲ್ಲಿ ಆಯುಷ್ಮಾನ್ ಭಾರತ ಯೋಜನೆಯನ್ನು ಆದಾಯದ ಭೇದವಿಲ್ಲದೆ 70 ದಾಟಿದವರಿಗೆಲ್ಲ ವಿಸ್ತರಿಸಿ, ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗಿನ ಚಿಕಿತ್ಸೆಯ ಭರವಸೆ ಕೊಡಲಾಯಿತು. ಆದರೆ ಅದು ಆಸ್ಪತ್ರೆಯಲ್ಲಿ ಮಲಗಿದವನ ಖರ್ಚಿಗೆ; ಆಸ್ಪತ್ರೆಯಿಂದ ಮರಳಿದ ಮೇಲೆ ಮೈತೊಳೆಸಿ, ಗಂಜಿ ಕುಡಿಸುವ ಕೈಗೆ ಅದರಲ್ಲಿ ಸಂಬಳವಿಲ್ಲ. 2007ರ ಹೆತ್ತವರ ಮತ್ತು ಹಿರಿಯ ನಾಗರಿಕರ ಪಾಲನಾ ಕಾಯಿದೆಯು ಜಿಲ್ಲೆಗೊಂದಾದರೂ ವೃದ್ಧಾಶ್ರಮದ ಮಾತನ್ನು ಆಡಿದೆಯಾದರೂ, ರಾಜ್ಯಗಳು ಸ್ಥಾಪಿಸ‘ಬಹುದು’ ಎಂದಿದೆಯೇ ಹೊರತು ಸ್ಥಾಪಿಸ‘ಬೇಕು’ ಎಂದಿಲ್ಲ.

ಅದೇ ಕಾಯಿದೆಯ 23ನೆಯ ಕಲಮು ಮಾತ್ರ ಪ್ರತಿಯೊಬ್ಬರೂ ತಿಳಿದಿರಬೇಕಾದುದು. ಪಾಲನೆಯ ಷರತ್ತಿನ ಮೇಲೆ ಮಕ್ಕಳಿಗೆ ಆಸ್ತಿ ಬರೆದುಕೊಟ್ಟು, ಅವರು ಮಾತಿಗೆ ತಪ್ಪಿದರೆ, ಆ ಪತ್ರವನ್ನು ರದ್ದುಪಡಿಸುವಂತೆ ನ್ಯಾಯಮಂಡಳಿಯನ್ನು ಕೇಳಬಹುದು. ಆದರೆ ಷರತ್ತು ಇದ್ದುದು ಸಿದ್ಧವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. 2025ರ ಜನವರಿಯಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ, ಈ ಕಾಯಿದೆಯನ್ನು ಹಿರಿಯರ ಹಿತಕ್ಕೆ ಅನುಕೂಲವಾಗಿ ಉದಾರವಾಗಿ ಅರ್ಥೈಸಬೇಕೆಂದು ಹೇಳಿ, ಮಗನಿಗೆ ಹೋಗಿದ್ದ ಆಸ್ತಿಯನ್ನು ತಾಯಿಗೆ ಮರಳಿ ಕೊಡಿಸಿತು. ಇದರಿಂದ ಕಲಿಯಬೇಕಾದ ಪಾಠವೆಂದರೆ, ಪ್ರೀತಿಯಿಂದ ಕೊಡುವಾಗಲೂ ಷರತ್ತನ್ನು ಬರೆಸಬೇಕು. ಅದಕ್ಕಿಂತ ಮೇಲಾದುದು, ತಲೆಯ ಮೇಲಿನ ಸೂರನ್ನು ಜೀವಮಾನದಲ್ಲಿ ಬರೆದುಕೊಡದೆ ಉಯಿಲಿನ ಮೂಲಕ ಬಿಟ್ಟುಹೋಗುವುದು.

‘ಹಿರಿಯರನ್ನು ಹೊರಗೆ ಕಳುಹಿಸುವುದು ನಮ್ಮ ಸಂಸ್ಕೃತಿಯಲ್ಲ’ ಎಂದು ಆಕ್ಷೇಪಿಸುವವರು ಉಂಟು. ಅವರ ಭಾವನೆಯನ್ನು ಗೌರವಿಸುತ್ತಲೇ ಒಂದು ಮಾತನ್ನು ಕೇಳಬೇಕಾಗುತ್ತದೆ: ಹಿಂದಿನ ಮನೆಗಳಲ್ಲಿ ಮುದುಕರ ಶುಶ್ರೂಷೆಯನ್ನು ಮಾಡಿದವರು ಯಾರು? ಸಂಸ್ಕೃತಿಯ ಮಾತನ್ನು ಗಂಡಸರು ಆಡಿದರು. ಹಾಸಿಗೆಯನ್ನು ಸೊಸೆಯರು ತೊಳೆದರು. ಆ ಸೊಸೆ ಇಂದು ಬೆಳಗಿನ ಲೋಕಲ್ ಹಿಡಿದು ಕಚೇರಿಗೆ ಹೋಗುತ್ತಾಳೆ. ಅವಳ ಸಂಬಳದಿಂದಲೇ ಮನೆಯ ಕಂತು ಸಲ್ಲುತ್ತಿದೆ. ದಿನವೆಲ್ಲ ಬೀಗ ಹಾಕಿದ ಮನೆಯಲ್ಲಿ ತಂದೆಯನ್ನು ಒಂಟಿಯಾಗಿ ಬಿಡುವುದು ಪಿತೃಭಕ್ತಿಯೆಂದೂ, ನಾಲ್ಕು ಜನರ ನಡುವೆ ಇರಿಸುವುದು ದ್ರೋಹವೆಂದೂ ಹೇಳುವುದು ವಿವೇಕವಲ್ಲ. ಹಾಗೆಯೇ, ಕೋಣೆ ತೆರವಾಗಲೆಂಬ ಆಸೆಯಿಂದ ಒಲ್ಲದ ತಾಯಿಯನ್ನು ವಸತಿಗೆ ಸೇರಿಸುವುದಕ್ಕೆ ಯಾವ ವಾದದ ಬೆಂಬಲವೂ ಇಲ್ಲ. ಎಲ್ಲಿರಬೇಕೆಂಬ ನಿರ್ಧಾರವು ಅಲ್ಲಿ ಇರಬೇಕಾದವರದೇ ಆಗಿರಬೇಕು.

ಆ ನಿರ್ಧಾರವನ್ನು ಕಾಲಲ್ಲಿ ಶಕ್ತಿ ಇರುವಾಗಲೇ ಮಾಡಬೇಕೆಂಬುದು ನಮ್ಮ ಸಲಹೆ. ಊರಿಗೆ ಮರಳುವ ಯೋಚನೆಯಿದ್ದರೆ, ನಗರದ ಮನೆಯನ್ನು ಮಾರುವ ಮೊದಲು ಒಂದು ಮಳೆಗಾಲವನ್ನು ಅಲ್ಲಿ ಕಳೆದು ನೋಡಿರಿ. ಮೇ ತಿಂಗಳ ಮಾವು–ಹಲಸಿನ ಊರು ಬೇರೆ, ಆಷಾಢದ ಊರು ಬೇರೆ. ವಸತಿಗೆ ಸೇರುವುದಾದರೆ, ಕೊಳ್ಳುವ ಮೊದಲು ಒಂದೆರಡು ತಿಂಗಳು ಬಾಡಿಗೆಗೆ ಇದ್ದು, ಅಲ್ಲಿಯ ಅನ್ನವನ್ನು ಉಂಡು, ಅಲ್ಲಿಯ ರೋಗಿಗಳನ್ನು ಕಂಡು ಮಾತನಾಡಿಸಿರಿ.

ಕೊನೆಯದಾಗಿ ನಮ್ಮ ಸಂಘಸಂಸ್ಥೆಗಳಿಗೆ ಒಂದು ಮಾತು. ಹಗಲು ಲೋಟ ತೊಳೆದ ಹುಡುಗರಿಗೆ ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳನ್ನು ನಡೆಸಿದ ಕೀರ್ತಿ ನಮ್ಮ ಹಿರಿಯರದು. ಅಂದು ಸಮಾಜದ ಅಗತ್ಯ ಅಕ್ಷರವಾಗಿತ್ತು. ಇಂದು ಆ ಹುಡುಗರಿಗೇ ವಯಸ್ಸಾಗಿದೆ. ಭಾರಿ ಕಟ್ಟಡವನ್ನು ಕಟ್ಟುವ ಶಕ್ತಿ ಎಲ್ಲ ಸಂಘಗಳಿಗೂ ಇರಲಾರದು. ಆದರೆ ಒಂದೊಂದು ಉಪನಗರದಲ್ಲಿ ಒಂಟಿಯಾಗಿರುವ ಹಿರಿಯರ ಪಟ್ಟಿ, ದಿನಕ್ಕೊಮ್ಮೆ ಬಾಗಿಲು ತಟ್ಟಿ ವಿಚಾರಿಸುವ ಸ್ವಯಂಸೇವಕ, ಹಂಚಿಕೊಂಡು ಸಂಬಳ ಕೊಡುವ ಒಬ್ಬ ದಾದಿ ಇಷ್ಟು ಏರ್ಪಾಡು ಯಾವ ಸಂಘಕ್ಕೂ ಅಸಾಧ್ಯವಲ್ಲ. ಊಟದ ಚಿಂತೆಯಂತೂ ನಮಗೆ ಇರಲೇಬಾರದು. ಊರಿಗೆಲ್ಲ ಅನ್ನವಿಕ್ಕಿದ ಹೋಟೆಲಿಗರ ಸಮಾಜವು ತನ್ನವರೇ ಆದ ನಾಲ್ಕು ಮಂದಿ ವೃದ್ಧರಿಗೆ ಬಿಸಿ ಗಂಜಿಯ ಪಾತ್ರೆಯನ್ನು ಮನೆಬಾಗಿಲಿಗೆ ಮುಟ್ಟಿಸಲಾರದೇ?