ಬಕೆಟ್ಟಿನಲ್ಲಿ ಉಳಿದ ನೀರು

ಬೇಸಿಗೆ ಬಂತೆಂದರೆ ನಮ್ಮ ಹಳ್ಳಗಳ ದಡದಲ್ಲಿ ಜೀಪು, ಪಿಕಪ್ಪುಗಳು ಸಾಲುಗಟ್ಟುತ್ತವೆ. ಮೇಲಿನವರು ನೊರೆ ಎಬ್ಬಿಸಿ ತೊಳೆದ ನೀರನ್ನೇ ಕೆಳಗಿನವರು ತೋಟಕ್ಕೂ ದನಕರುಗಳಿಗೂ ಬಳಸಬೇಕಾಗುತ್ತದೆ. ಮಾರ್ಜಕವು ನೀರಿನ ಮೇಲ್ಮೈ ಸೆಳೆತವನ್ನು ತಗ್ಗಿಸುತ್ತದೆ. ಪ್ರಮಾಣ ಹೆಚ್ಚಿದರೆ ಮೀನಿನ ಕಿವಿರುಗಳಿಗೆ ಘಾಸಿಯಾಗುತ್ತದೆ. ಆದುದರಿಂದ ಅಂಗಳದಲ್ಲಿಯೇ ಒಂದು ಬಕೆಟ್ ನೀರಿನಿಂದ ಕೆಲಸ ಮುಗಿಸುವ, ಮತ್ತೆ ನೀರು ಹಾಯಿಸಬೇಕಿಲ್ಲದ 'ರಿನ್ಸ್‌ಲೆಸ್' ದ್ರಾವಣಗಳು ಸ್ವಾಗತಾರ್ಹವೇ ಸರಿ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಅಲ್ಲಿ ದುಡಿಯುವ ನಮ್ಮ ಮಕ್ಕಳು ಈಗ ಊರಿಗೆ ಬರುವಾಗ ಇಂಥ ಸೀಸೆಯೊಂದನ್ನು ಜೊತೆಗೆ ತರುತ್ತಾರೆ.

ಆದರೆ ಬಳಸಿ ಉಳಿದುದನ್ನು ಏನು ಮಾಡುವುದು? ಈ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಮೊದಲಿಗೆ, ಬಟ್ಟೆ ಅದ್ದದ ಶುದ್ಧ ದ್ರಾವಣವೇ ಬೇರೆ, ಅದ್ದಿ ಹಿಂಡಿದ ಕೊಳೆನೀರೇ ಬೇರೆ. ಪ್ರಚಲಿತ ದ್ರಾವಣವೊಂದರ ಪ್ರಮಾಣ 1:256. ಎಂದರೆ ಸುಮಾರು ಏಳೂವರೆ ಲೀಟರ್ ನೀರಿಗೆ 30 ಮಿ.ಲೀ. ಸೀಸೆಯೊಳಗಿನ ಗಟ್ಟಿ ದ್ರವ ಕೆಡದಂತೆ ಸಂರಕ್ಷಕ ಸೇರಿಸಿರುತ್ತಾರೆ. ಇಷ್ಟು ನೀರು ಬೆರೆತ ಮೇಲೆ ಆ ಸಂರಕ್ಷಕದ ಬಲ ಉಳಿಯುವುದಿಲ್ಲ. ಅದರಲ್ಲೂ ಎಲೆಕೊಳೆತ ಬೆರೆತ ಹಳ್ಳದ ನೀರಾದರೆ ಸೂಕ್ಷ್ಮಜೀವಿಗಳಿಗೆ ಹಬ್ಬ. ಶೋಧಿಸಿದ ಶುಭ್ರ ನೀರಿನಲ್ಲಿ ಕಲಸಿ, ಮುಚ್ಚಳ ಬಿಗಿದು ನೆರಳಿನಲ್ಲಿಟ್ಟರೆ ಕೆಲ ದಿನ ಬಳಸಬಹುದು. ಹುಳಿವಾಸನೆ ಬಂದರೆ, ಒಳಬದಿಗೆ ಲೋಳೆ ಹತ್ತಿದರೆ ಅದರ ಆಸೆ ಬಿಡಬೇಕು. ಬೋರ್ಡೋ ದ್ರಾವಣವನ್ನು ಅಂದಂದೇ ಕಲಸಿ ಅಂದಂದೇ ಸಿಂಪಡಿಸುವ ಅಭ್ಯಾಸವಿರುವ ನಮಗೆ, ಬೇಕಾದಷ್ಟನ್ನೇ ಕಲಸುವುದು ಹೊಸ ಪಾಠವೇನಲ್ಲ.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಿಕೊಳ್ಳಬೇಕು. ಒಮ್ಮೆ ಉಳಿದ ದ್ರಾವಣವನ್ನು ಕುಡಿಯುವ ನೀರಿನ ಖಾಲಿ ಬಾಟಲಿಗೆ ತುಂಬಿ ಕೊಟ್ಟಿಗೆಯ ಗೂಡಿನಲ್ಲಿಟ್ಟಿದ್ದೆ. ಕೆಲಸಕ್ಕೆ ಬಂದವರು ಬಾಯಾರಿ ಅದರ ಮುಚ್ಚಳ ತಿರುಗಿಸುತ್ತಿದ್ದುದನ್ನು ನನ್ನ ಪತ್ನಿ ಕಂಡು ಕೂಗಿದ್ದರಿಂದ ಅನಾಹುತ ತಪ್ಪಿತು. ಕೀಟನಾಶಕದ ಡಬ್ಬಿಗಳ ಬಗ್ಗೆ ಊರೂರಿಗೆ ಹೋಗಿ ಉಪನ್ಯಾಸ ಕೊಟ್ಟವನು ನಾನು! ಅಂದಿನಿಂದ ಬಣ್ಣದ ಕ್ಯಾನು, ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಮತ್ತು ಕಲಸಿದ ದಿನಾಂಕ.

ಇನ್ನು ಕೊಳೆನೀರಿನ ಮಾತು. ರಾತ್ರಿಯಿಡೀ ಬಿಟ್ಟರೆ ಮರಳು ತಳ ಸೇರುತ್ತದೆ, ನಿಜ. ಆದರೆ ನಮ್ಮ ಕೆಂಪುಮಣ್ಣಿನ ನವಿರಾದ ಜೇಡಿಕಣಗಳು ಅಷ್ಟು ಬೇಗ ಇಳಿಯುವುದಿಲ್ಲ. ಕೊಳೆಯನ್ನು ಸುತ್ತುವರಿದು ನೀರಿನಲ್ಲಿ ತೇಲಿಸಿಡುವುದೇ ಈ ದ್ರಾವಣದ ಗುಣವಲ್ಲವೇ? ಮೇಲಿನ ತಿಳಿಯನ್ನು ಮತ್ತೆ ಬಣ್ಣದ ಮೇಲೆ ಉಜ್ಜಿದರೆ ಗೀರು ಬೀಳುವುದು ಖಂಡಿತ. ಟೈರು, ಮಡ್‌ಗಾರ್ಡಿನ ಒಳಮೈ, ಶೆಡ್ಡಿನ ನೆಲ ಇವಕ್ಕೆ ಅದು ಧಾರಾಳ ಸಾಕು. ಕೊನೆಗುಳಿದ ರಾಡಿಯನ್ನು ಬಾವಿ, ಹಳ್ಳ, ತರಕಾರಿ ಮಡಿಗಳಿಂದ ದೂರವಿರುವ ಹುಲ್ಲುನೆಲದಲ್ಲಿ ತೆಳುವಾಗಿ ಚೆಲ್ಲಬೇಕು. ಮಣ್ಣಿನ ಜೀವಿಗಳು ಮಾರ್ಜಕದ ಬಹುಪಾಲನ್ನು ಕ್ರಮೇಣ ಒಡೆಯುತ್ತವೆ. ಎಣ್ಣೆ, ಗ್ರೀಸು ಬೆರೆತಿದ್ದರೆ ಮಾತ್ರ ಈ ಭರವಸೆ ಇಲ್ಲ. ಅಂಥ ಭಾಗಗಳನ್ನು ಮೊದಲೇ ಹಳೆಬಟ್ಟೆಯಿಂದ ಒರೆಸಿ ತೆಗೆಯುವುದು ಲೇಸು.

ಮಳೆಗಾಲದ ಲೆಕ್ಕ ಬೇರೆ. ನೀರು ಕುಡಿದು ತಣಿದ ನೆಲದ ಮೇಲೆ ಚೆಲ್ಲಿದ್ದೆಲ್ಲ ಹರಿದು ಹಳ್ಳಕ್ಕೇ ಹೋಗುತ್ತದೆ. ಕೆಸರು ಮೆತ್ತಿದ ಗಾಡಿಗೆ ಈ ಒಂದು ಬಕೆಟ್ಟಿನ ಉಪಾಯವೂ ಸಲ್ಲದು, ಉಜ್ಜಿದಷ್ಟೂ ಗೀರೇ. ಆಗ ಸೀಸೆಯನ್ನು ಅಟ್ಟಕ್ಕೇರಿಸಿ, ಮಾಡಿನ ದೋಣಿಯಿಂದ ಬೀಳುವ ನೀರಿಗೆ ಗಾಡಿಯನ್ನು ಒಡ್ಡಿದರಾಯಿತು.